ಇಲ್ಲಿ ಕರಡಿ, ನಮ್ಮಲ್ಲಿ ಮಂಗ

ನಾವಿರೋದು ಕೆನಡಾದ ಕೊಕ್ವಿಟ್ಲಂನಲ್ಲಿ, ವ್ಯಾಂಕೂವರ್ ಪಕ್ಕದ ಊರು. ಗುಡ್ಡದ ಮೇಲ್ಮೇಲಕ್ಕೆ ಹೊಸ ಮನೆ ಕಟ್ಕೊಂಡು ಹೋಗ್ತಾನೇ ಇದಾರೆ, ಕರಡಿ ಓಡಾಡ್ತಿದ್ದ ಜಾಗದಲ್ಲೇ ಈಗ ನಮ್ಮಂಥೋರ ಸಂಸಾರ. ಹಂಗಾಗಿ ಇಲ್ಲಿ ಕಸದ ಡಬ್ಬಿಗೂ ಟೈಮಿದೆ, ಗಾಡಿ ಬರೋ ದಿನ ಬೆಳಿಗ್ಗೆ 5:30ಕ್ಕಿಂತ ಮುಂಚೆ ರಸ್ತೆಗೆ ಇಡೋ ಹಂಗಿಲ್ಲ, ಹಿಂದಿನ ರಾತ್ರಿನೇ ಇಟ್ರೆ ದಂಡ ಬೀಳತ್ತೆ. ಹಿತ್ತಲಲ್ಲಿ ಸೇಬಿನ ಮರ ಇದ್ರೆ ಉದುರಿದ ಹಣ್ಣು ಆರಿಸಿ ತೆಗೀಬೇಕು. ಚಳಿಗಾಲಕ್ಕೆ ಮುಂಚೆ ಕರಡಿಗೆ ದಿನಕ್ಕೆ 20,000 ಕ್ಯಾಲರಿ ತನಕ ಬೇಕಂತೆ, ಮೂಗಂತೂ ಭಯಂಕರ ಚುರುಕು. ಒಂದ್ಸಲ ಕಸದ ರುಚಿ ಹತ್ತಿದ್ರೆ ಮತ್ತೆ ಮತ್ತೆ ಬರತ್ತೆ, ಜನರ ಭಯ ಹೋಗತ್ತೆ, ಕೊನೆಗೆ ಎಷ್ಟೋ ಸಲ ಗುಂಡು ಹೊಡೆದೇ ಸಾಯಿಸ್ತಾರೆ. ಯಾರದ್ದೋ ಸೋಮಾರಿತನಕ್ಕೆ ಅದರ ಪ್ರಾಣ ಹೋಗತ್ತಲ್ಲ ಅಂತ ಹೊಟ್ಟೆ ಉರಿಯತ್ತೆ.

ತೀರ್ಥಹಳ್ಳಿಯಿಂದ ಅಮ್ಮ ಫೋನ್ ಮಾಡಿದ್ರೆ ಮೊದಲ ಸುದ್ದಿ ಮಂಗಂದೇ. ಎಳೆ ಅಡಿಕೆ ಕಿತ್ತು, ಕಚ್ಚಿ, ರಸ ಹೀರಿ ಬಿಸಾಕಿ ಪಕ್ಕದ ಗೊನೆಗೆ ಹಾರೋದು, ಮರದ ಬುಡದ ತುಂಬಾ ಹಲ್ಲಿನ ಗುರುತಿರೋ ಹಸಿರು ಕಾಯಿ. ಬಾಳೆ ಹಾಕೋದನ್ನೇ ಬಿಟ್ಟಿದಾರೆ. ಮೊನ್ನೆ ಹಂಚು ಸರಿಸ್ಕೊಂಡು ಅಡುಗೆಮನೆಗೇ ಇಳಿದಿತ್ತಂತೆ.

ಅದನ್ನ ಬೈದು ಏನು ಪ್ರಯೋಜನ? ಹಲಸು, ನೇರಳೆ, ಅತ್ತಿ ಇದ್ದ ಎಷ್ಟೋ ಕಡೆ ಈಗ ಅಕೇಶಿಯಾ ಪ್ಲಾಂಟೇಶನ್ನು, ಅದರಲ್ಲಿ ಮಂಗಕ್ಕೆ ತಿನ್ನೋಕೆ ಏನಿದೆ. ಅದ್ರ ಮೇಲೆ ನಾವೇ ಆಗುಂಬೆ ಘಾಟಿಲಿ ಕಾರು ನಿಲ್ಸಿ ಬಿಸ್ಕತ್ತು, ಬಾಳೆಹಣ್ಣು ಕೊಟ್ಟು ಫೋಟೋ ತೆಗೀತೀವಿ, ಮಕ್ಕಳಿಗೂ ಅದನ್ನೇ ಕಲಿಸ್ತೀವಿ. ಹಂಗೆ ಕೈಯಿಂದ ಕಿತ್ಕೊಂಡು ತಿಂದು ರೂಢಿಯಾದ ಮಂಗ ತೋಟದವರ ಪಟಾಕಿಗೆ ಹೆದರತ್ತಾ? ಪೇಟೇಲಿ ಹಿಡಿದ ಮಂಗಗಳನ್ನ ರಾತ್ರೋರಾತ್ರಿ ತಂದು ಕಾಡಂಚಲ್ಲಿ ಬಿಟ್ಟು ಹೋಗ್ತಾರೆ ಅಂತ ಊರಲ್ಲಿ ಎಲ್ರೂ ಹೇಳ್ತಾರೆ. ಪೇಟೆಯವರ ತಲೆನೋವು ಕಮ್ಮಿಯಾಯ್ತು, ಅನುಭವಿಸೋದು ಕಾಡಂಚಿನ ಎರಡೆಕರೆಯವ್ರು. ಬರೀ ಬೆಳೆ ವಿಷಯಾನೂ ಅಲ್ಲ ಇದು, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಇನ್ನೂ ಹೋಗಿಲ್ಲ, ಮಂಗ ಸತ್ತಲ್ಲಿ ಅದರ ಮೈಮೇಲಿನ ಉಣುಗು (ರಕ್ತ ಹೀರೋ ಸಣ್ಣ ಹುಳ, ಕಾಯಿಲೆ ಹರಡೋದು ಇದೇ) ಉದುರಿ, ದರಗು ಅಂದ್ರೆ ಒಣಗಿದೆಲೆ ತರೋಕೆ, ಸೌದೆ ತರೋಕೆ ಹೋದೋರಿಗೇ ಹತ್ತೋದು.

ಇಲ್ಲಿ ನಂಗೆ ಹಿಡಿಸಿದ್ದು ಒಂದೇ, ಕರಡಿ ಬರದ ಬೀದಿಯವ್ರಿಗೂ ಅದೇ ಕಾನೂನು. ನಮ್ಮಲ್ಲೂ ಆಗುಂಬೆಯಲ್ಲಿ ಸೂರ್ಯಾಸ್ತ ನೋಡೋ ಜಾಗದಲ್ಲಿ ಮಂಗ ತೆಗೆಯೋಕಾಗದ ಡಬ್ಬಿ ಇಡ್ಲಿ, ತಿಂಡಿ ಹಾಕೋರಿಗೆ ಅಲ್ಲೇ ದಂಡ ಹಾಕ್ಲಿ. ಈ ವೀಕೆಂಡ್ ಘಾಟಿ ಕಡೆ ಹೊರಟಿರೋರು ದಯವಿಟ್ಟು ಚಿಪ್ಸ್ ಪ್ಯಾಕೆಟ್ ಕಾರಿನ ಒಳಗೇ ಇಟ್ಕೊಳ್ಳಿ, ಕಿಟಕಿ ಏರಿಸ್ಕೊಳ್ಳಿ.