ರೀಲ್ಸ್ ಆಚೆಗಿನ ಇಲೋನಾ ಮಾಹರ್

ಅಮೆರಿಕದ ರಗ್ಬಿ ಆಟಗಾರ್ತಿ ಇಲೋನಾ ಮಾಹರ್ ಬರೀ ರೀಲ್ಸ್‌ನಿಂದ ಫೇಮಸ್ಸು ಅನ್ನೋರು ಅವರ ಒಂದು ಮ್ಯಾಚ್ ನೋಡಬೇಕು. ಅವರು ಆಡೋ ಸೆವೆನ್ಸ್ ಅಂದ್ರೆ ತಂಡಕ್ಕೆ 7 ಜನರ ರಗ್ಬಿ, 7 ನಿಮಿಷದ ಎರಡು ಹಾಫ್, ಮೈದಾನ ಮಾತ್ರ 15 ಜನರ ರಗ್ಬಿಯದ್ದೇ. ಒಂದು ಟ್ಯಾಕಲ್ ತಪ್ಪಿತೋ, ಹಿಂದೆ ತಡೆಯೋರೇ ಇರಲ್ಲ. ಅಂಥ ಖಾಲಿ ಜಾಗದಲ್ಲಿ ಮಾಹರ್ ಒಂದು ಕೈಲಿ ಚೆಂಡು ಅವುಚಿಕೊಂಡು, ಇನ್ನೊಂದು ಕೈ ನೀಟಾಗಿ ಚಾಚಿ ಎದುರಾಳಿಯ ಎದೆಗೆ ಒತ್ತಿ ದೂಡ್ತಾರೆ. ಮೊಣಕೈ ಮಡಚಿದರೆ ಕತೆ ಮುಗೀತು, ಟ್ಯಾಕಲ್ ಮಾಡೋರು ಒಳನುಗ್ತಾರೆ.

2024ರ ಪ್ಯಾರಿಸ್ ಒಲಿಂಪಿಕ್ಸ್ ಕಂಚು ಬಂದಿದ್ದು ಮಾತ್ರ ತಂಡದ ಇನ್ನೊಬ್ಬ ಆಟಗಾರ್ತಿ ಅಲೆಕ್ಸ್ ಸೆಡ್ರಿಕ್ ಕೊನೇ ಗಳಿಗೆಯಲ್ಲಿ ಓಡಿದ್ದಕ್ಕೆ: ಟ್ರೈಗೆ (ಎದುರಾಳಿಯ ಗೆರೆ ದಾಟಿ ಚೆಂಡನ್ನ ನೆಲಕ್ಕೆ ಒತ್ತೋದು) 5 ಅಂಕ, ಅದರ ಬೆನ್ನಿಗೆ ಡ್ರಾಪ್ ಕಿಕ್ಕಿಗೆ (ಚೆಂಡು ನೆಲಕ್ಕೆ ಬಿಟ್ಟು ಪುಟಿದಾಗ ಒದೆಯೋದು) 2, ಆಸ್ಟ್ರೇಲಿಯಾ ವಿರುದ್ಧ 14-12. ಫಾಲೋವರ್ಸ್ ಲೆಕ್ಕದಲ್ಲಿ ಸೆಡ್ರಿಕ್ ಹೆಸರು ಯಾಕೋ ಹಿಂದೆ ಬಿತ್ತು. ಇತ್ತ 2025ರಲ್ಲಿ ಮಾಹರ್ ಇಂಗ್ಲೆಂಡಿನ ರಗ್ಬಿ ಕ್ಲಬ್ ಬ್ರಿಸ್ಟಲ್ ಬೇರ್ಸ್ ಸೇರಿದಾಗ ಟಿಕೆಟ್‌ಗೆ ಎಷ್ಟು ಬೇಡಿಕೆ ಬಂತು ಅಂದ್ರೆ, ಪಂದ್ಯವನ್ನೇ ದೊಡ್ಡ ಸ್ಟೇಡಿಯಂಗೆ ಬದಲಾಯಿಸಿದರು!