1914ರ ‘ಸಿಡ್ನಿ’: ಮಾದರಿ ಹಡಗು ಎಲ್ಲಿಗೆ ಬಂತು

ಏಪ್ರಿಲ್

ಹಡಗಿನ ಮಾದರಿ ಮಾಡಲು ಹೊರಟವರು ಮರಕ್ಕೆ ಗರಗಸ ಇಡುವ ಮೊದಲು ಒಂದು ತಾರೀಖು ಗೊತ್ತುಮಾಡಿಕೊಳ್ಳಬೇಕು. ಯುದ್ಧನೌಕೆ ರಿಪೇರಿಗೆ ಹೋದಾಗಲೆಲ್ಲ ಏನನ್ನೋ ಕಳಚಿಟ್ಟು ಇನ್ನೇನನ್ನೋ ತೊಟ್ಟುಕೊಂಡು ಹೊರಬರುತ್ತದೆ. ಹೆಸರು ಅದೇ, ಚಹರೆ ಬೇರೆ. ನಾನು ಕೈಗೆತ್ತಿಕೊಂಡಿರುವುದು ಆಸ್ಟ್ರೇಲಿಯಾ ನೌಕಾಪಡೆಯ ಲಘು ಕ್ರೂಸರ್ ‘ಸಿಡ್ನಿ’ಯನ್ನು. ಅಳತೆ 1:350. ತಾರೀಖು 1914ರ ನವೆಂಬರ್ 9, ಬೆಳಗಿನ ಹೊತ್ತು, ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳ ಬಳಿ ಜರ್ಮನಿಯ ‘ಎಮ್ಡೆನ್’ ಕ್ರೂಸರ್ ಎದುರಾಗುವುದಕ್ಕೆ ಸ್ವಲ್ಪ ಮುಂಚೆ.

ಇದೇ ಹೆಸರಿನ ಇನ್ನೊಂದು ಕ್ರೂಸರ್ 1941ರಲ್ಲಿ ಜರ್ಮನಿಯ ‘ಕೊರ್ಮೊರಾನ್’ ಹಡಗಿನ ಜೊತೆಗಿನ ಕಾಳಗದಲ್ಲಿ 645 ಮಂದಿಯೊಂದಿಗೆ ಮುಳುಗಿತು. ಚಿತ್ರ ಹುಡುಕಹೊರಟರೆ ಮೊದಲು ಸಿಗುವುದು ಅದೇ. ನನಗೆ ಬೇಕಾದದ್ದು ಅದಕ್ಕಿಂತ ಹಿಂದಿನದು: ಗ್ಲಾಸ್ಗೋದಲ್ಲಿ ಕಟ್ಟಿ 1912ರಲ್ಲಿ ನೀರಿಗಿಳಿಸಿದ, 1913ರ ಜೂನ್‌ನಲ್ಲಿ ಸೇವೆಗೆ ಸೇರಿದ, ನಾಲ್ಕು ಚಿಮಣಿಗಳ ಹಡಗು. ಆ ವರ್ಷದ ಅಕ್ಟೋಬರ್ 4ರಂದು ಆಸ್ಟ್ರೇಲಿಯಾದ ಹೊಸ ನೌಕಾಪಡೆ ಮೊದಲ ಬಾರಿಗೆ ಸಿಡ್ನಿ ಬಂದರನ್ನು ಪ್ರವೇಶಿಸಿದಾಗ ‘ಆಸ್ಟ್ರೇಲಿಯಾ’ ಎಂಬ ಬ್ಯಾಟಲ್ ಕ್ರೂಸರಿನ ಜೊತೆಗೆ ಬಂದದ್ದು ಇದೇ.

ತಾರೀಖಿನ ಬಗ್ಗೆ ಇಷ್ಟು ಹಟ ಯಾಕೆಂದರೆ, ಈ ಹಡಗಿನ ಅತ್ಯಂತ ಪ್ರಸಿದ್ಧ ಅವಶೇಷವೇ ಮಾದರಿ ಮಾಡುವವರ ದಾರಿ ತಪ್ಪಿಸುತ್ತದೆ. ಸಿಡ್ನಿ ಬಂದರಿನ ಬ್ರ್ಯಾಡ್ಲೀಸ್ ಹೆಡ್ ಎಂಬ ಭೂಶಿರದಲ್ಲಿ ಹಡಗಿನ ಮೂರು ಕಾಲಿನ ಕೂವೆಮರವನ್ನು ಸ್ಮಾರಕವಾಗಿ ನಿಲ್ಲಿಸಿದ್ದಾರೆ. ಬಂದರಿಗೆ ಹೋದವರೆಲ್ಲ ಅದರ ಫೋಟೋ ತೆಗೆಯುತ್ತಾರೆ, ಎಮ್ಡೆನ್ನನ್ನು ಸೋಲಿಸಿದ ಹಡಗಿನ ಕೂವೆಮರ ಎಂದು ಹೇಳುತ್ತಾರೆ. ಹಡಗು ಅದೇ, ನಿಜ. ಆದರೆ ಆ ಕೂವೆಮರ ಬಂದದ್ದು 1917ರಲ್ಲಿ, ಇಂಗ್ಲೆಂಡಿನ ಚ್ಯಾಟಮ್ ನೌಕಾ ಕಟ್ಟೆಯಲ್ಲಿ ರಿಪೇರಿ ನಡೆದಾಗ. ಕೋಕೋಸ್‌ನಲ್ಲಿ ಅಲ್ಲಿದ್ದದ್ದು ಒಂಟಿ ಕಂಬ, ಅಷ್ಟೆ. ಮೂರು ಕಾಲಿನ ಕೂವೆಮರ ಹಾಕಿ, ಕೆಳಗೆ ‘ಕೋಕೋಸ್, 1914’ ಎಂದು ಹಿತ್ತಾಳೆ ಫಲಕ ಕೂರಿಸಿದ ಮಾದರಿ ಕಂಡರೆ ನನಗೆ ಕೈ ತುರಿಸುತ್ತದೆ.

ಅದೇ ಕಾಲಕ್ಕೆ ಹಡಗಿಗೆ ವಿಮಾನ ಹಾರಿಸುವ ತಿರುಗು ಅಟ್ಟಣೆಯೂ ಬಂತು. 1918ರ ಜೂನ್ 1ರಂದು ಅದರ ಮೇಲಿಂದ ಸಾಪ್‌ವಿತ್ ಕ್ಯಾಮೆಲ್ ವಿಮಾನವೊಂದು ಜರ್ಮನ್ ವಿಮಾನಗಳನ್ನು ಬೆನ್ನಟ್ಟಿ ಹಾರಿತು. ಆ ಪುಟ್ಟ ವಿಮಾನವನ್ನು ಮಾಡುವ ಆಸೆ ಬಹಳ ಇತ್ತು. ಅಟ್ಟಣೆ ಬೇಡ ಎಂದ ಮೇಲೆ ವಿಮಾನಕ್ಕೂ ಜಾಗವಿಲ್ಲ.

ಜುಲೈ

ಒಡಲು ಮುಗಿದಿದೆ. ನಿಜವಾದ ಹಡಗಿನ ಉದ್ದ 139.2 ಮೀಟರ್, ಅಗಲ 15.2 ಮೀಟರ್. ನನ್ನ ಮೇಜಿನ ಮೇಲೆ ಅದು 39.8 ಸೆಂಟಿಮೀಟರ್ ಉದ್ದ, 4.3 ಸೆಂಟಿಮೀಟರ್ ಅಗಲ. ನೀರಿನ ಮಟ್ಟದಿಂದ ಮೇಲಿನ ಭಾಗವನ್ನಷ್ಟೇ ಮಾಡಿದ್ದೇನೆ. ಮರ ಸಿಲ್ವರ್ ಓಕ್. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಈ ಮರದ ತವರು ಪೂರ್ವ ಆಸ್ಟ್ರೇಲಿಯಾ. ಹುಡುಕಿಕೊಂಡು ಹೋಗಿ ತಂದದ್ದಲ್ಲ, ಬಡಗಿಯ ಅಂಗಡಿಯಲ್ಲಿ ತುಂಡುಗಳು ಬಿದ್ದಿದ್ದವು. ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಒತ್ತಡದಲ್ಲಿ ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ ಆಕಾರಕ್ಕೆ ತಂದದ್ದು. ಎಳೆಗಳು ಕಾಣದಂತೆ ಕಾರಿಗೆ ಹಚ್ಚುವ ಪುಟ್ಟಿಯನ್ನು ತೆಳುವಾಗಿ ಎಳೆದು ಮತ್ತೆ ಉಜ್ಜಿದ್ದೇನೆ.

ಮುಂಭಾಗದ ಎತ್ತರದ ಡೆಕ್ಕನ್ನು ಹಡಗಿನ ಉದ್ದದ ಸುಮಾರು ಮೂರನೇ ಎರಡು ಭಾಗದವರೆಗೆ ಎಳೆದಿರುವುದೇ ಈ ವರ್ಗದ ಹಡಗುಗಳ ಗುರುತು. ಹಿಂದಿನ ಕ್ರೂಸರುಗಳಲ್ಲಿ ಆ ಎತ್ತರ ಬೇಗ ಮುಗಿದು, ಬಿರುಸಿನ ಸಮುದ್ರದಲ್ಲಿ ನಡುವಿನ ತೋಪುಗಳ ಮೇಲೆ ನೀರು ನುಗ್ಗುತ್ತಿತ್ತು. ಆದ್ದರಿಂದ ಡೆಕ್ ಕೆಳಗಿಳಿಯುವ ಆ ಮೆಟ್ಟಿಲು ಒಂದು ಮಿಲಿಮೀಟರ್ ಹಿಂದೆಮುಂದೆ ಆದರೂ ಇಡೀ ಪಾರ್ಶ್ವನೋಟ ಕೆಡುತ್ತದೆ. ನಕ್ಷೆಯನ್ನು ಅದೇ ಅಳತೆಗೆ ಮುದ್ರಿಸಿ ಮರದ ಪಕ್ಕಕ್ಕೆ ಅಂಟಿಸಿಯೇ ಕತ್ತರಿಸಿದೆ.

ಪಕ್ಕದ ಗುಂಡು ಕಿಟಕಿಗಳನ್ನು ಕೈ ಡ್ರಿಲ್ಲಿನಲ್ಲಿ ಕೊರೆಯುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೇಡಿಯೋ ಕೇಳುತ್ತಾ ಮಾಡಬೇಕಾದ ಕೆಲಸ ಅದು.

ಸೆಪ್ಟೆಂಬರ್

ಈಗ ತೋಪುಗಳು. ಸಿಡ್ನಿಯಲ್ಲಿ ಇದ್ದದ್ದು ಎಂಟು 6 ಇಂಚಿನ ತೋಪುಗಳು: ಮುಂದೊಂದು, ಹಿಂದೊಂದು, ಎರಡೂ ಪಕ್ಕಗಳಲ್ಲಿ ಮೂರು ಮೂರು. ಒಂದು ಮಗ್ಗುಲಿಗೆ ತಿರುಗಿ ಹೊಡೆದರೆ ಐದು ತೋಪುಗಳು ಕೆಲಸಕ್ಕೆ ಬರುತ್ತವೆ. ಎಮ್ಡೆನ್ನಿನ ಹತ್ತು ತೋಪುಗಳಲ್ಲೂ ಒಂದು ಮಗ್ಗುಲಿಗೆ ಸಿಗುತ್ತಿದ್ದದ್ದು ಐದೇ. ವ್ಯತ್ಯಾಸ ಗುಂಡಿನ ತೂಕದಲ್ಲಿ. ಜರ್ಮನ್ನರದು 10.5 ಸೆಂಟಿಮೀಟರ್ ತೋಪು, ಗುಂಡು ಸುಮಾರು 17 ಕಿಲೋ; ಸಿಡ್ನಿಯದು ಸುಮಾರು 45 ಕಿಲೋ. ಅದರ ಮೇಲೆ ಸಿಡ್ನಿಯ ವೇಗವೂ ಹೆಚ್ಚು. ಕಾಳಗದ ಫಲಿತಾಂಶ ಬಹುಮಟ್ಟಿಗೆ ಹಡಗು ಕಟ್ಟುವ ಕಟ್ಟೆಗಳಲ್ಲೇ ನಿರ್ಧಾರವಾಗಿತ್ತು ಎಂಬುದು ನನ್ನ ಅಭಿಪ್ರಾಯ.

ತೋಪಿನ ಕೊಳವೆ ನನ್ನ ಅಳತೆಯಲ್ಲಿ 22 ಮಿಲಿಮೀಟರಿಗೆ ಸ್ವಲ್ಪ ಕಡಿಮೆ. ಅದಕ್ಕೆ ಇಂಜೆಕ್ಷನ್ ಸೂಜಿ ಬಳಸಿದ್ದೇನೆ. ಬಾಯಿಯ ರಂಧ್ರ ತಾನಾಗಿಯೇ ಸಿಗುತ್ತದೆ. ಬುಡ ದಪ್ಪವಾಗಬೇಕಾದ್ದರಿಂದ ಅಲ್ಲಿ ತೆಳು ಕಾಗದ ಸುತ್ತಿ ಅಂಟು ಕುಡಿಸಿದೆ. ಕವಚಗಳು ಹಾಳೆ ಪ್ಲಾಸ್ಟಿಕ್ಕಿನವು. ಕೂವೆಮರಗಳು ಹಳೆಯ ಟ್ರಾನ್ಸಿಸ್ಟರಿನ ಆಂಟೆನಾದಿಂದ ಬಂದವು: ಒಂದರೊಳಗೊಂದು ಸೇರುವ ಕೊಳವೆಗಳಾದ್ದರಿಂದ ಮೇಲೆ ಹೋದಂತೆ ಸಣ್ಣದಾಗುವ ಕಂಬ ಸಿದ್ಧವಾಗಿಯೇ ಸಿಕ್ಕಿತು.

ಬ್ರಿಜ್, ಅಂದರೆ ಹಡಗು ನಡೆಸುವವರು ನಿಲ್ಲುವ ಅಟ್ಟಣೆ, ಅದರ ಮೇಲಿನ ದೂರಮಾಪಕವನ್ನು (ಗುರಿ ಎಷ್ಟು ದೂರವಿದೆ ಎಂದು ಅಳೆಯುವ ಯಂತ್ರ) ಮಾಡಲು ಉಳಿದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ಅಂದು ಎಮ್ಡೆನ್ ಸುಮಾರು ಒಂಬತ್ತೂವರೆ ಕಿಲೋಮೀಟರ್ ದೂರದಿಂದ ಗುಂಡು ಹಾರಿಸಲು ಶುರುಮಾಡಿತು. ಅದರ ತೋಪುಗಳು ಅಷ್ಟು ದೂರ ಮುಟ್ಟಬಲ್ಲವು ಎಂದು ಸಿಡ್ನಿಯ ಕ್ಯಾಪ್ಟನ್ ಜಾನ್ ಗ್ಲಾಸಪ್ ಎಣಿಸಿರಲಿಲ್ಲ. ಮೊದಲ ಏಟುಗಳಲ್ಲೊಂದು ಬಿದ್ದದ್ದು ಈ ದೂರಮಾಪಕಕ್ಕೆ. ಗುಂಡು ಸಿಡಿಯಲಿಲ್ಲ, ಆದರೆ ಯಂತ್ರವೂ ಅದನ್ನು ನಡೆಸುತ್ತಿದ್ದ ನಾವಿಕನೂ ಉಳಿಯಲಿಲ್ಲ. ತೋಪುಗಳನ್ನು ನಿಯಂತ್ರಿಸುವ, ಹಡಗಿನ ಹಿಂಭಾಗದ ತಾಣಕ್ಕೂ ಏಟು ಬಿತ್ತು. ಆ ಮೇಲೆ ಸಿಡ್ನಿ ದೂರ ಕಾಯ್ದುಕೊಂಡು ಭಾರದ ಗುಂಡುಗಳನ್ನು ಸುರಿಯಿತು. ಒಟ್ಟು 670 ಸುತ್ತು. ಎಮ್ಡೆನ್ನಿನ ಚಿಮಣಿಗಳು ಒಂದೊಂದಾಗಿ ಉರುಳಿದವು. ಕ್ಯಾಪ್ಟನ್ ಕಾರ್ಲ್ ಫಾನ್ ಮ್ಯೂಲರ್ ಹಡಗನ್ನು ನಾರ್ತ್ ಕೀಲಿಂಗ್ ದ್ವೀಪದ ಹವಳದ ದಿಬ್ಬಕ್ಕೆ ಹತ್ತಿಸಿದ. ಸಿಡ್ನಿಯಲ್ಲಿ ಸತ್ತವರು ನಾಲ್ವರು, ಎಮ್ಡೆನ್ನಿನಲ್ಲಿ 130ಕ್ಕೂ ಹೆಚ್ಚು ಮಂದಿ.

ಒಂಬತ್ತೂವರೆ ಕಿಲೋಮೀಟರನ್ನು 350ರಿಂದ ಭಾಗಿಸಿದರೆ 27 ಮೀಟರ್. ನನ್ನ ಮೇಜಿನಿಂದ ಅಳೆದರೆ ಎಮ್ಡೆನ್ ನಿಲ್ಲಬೇಕಾದದ್ದು ರಸ್ತೆಯಾಚೆಯ ಮನೆಯ ತುಳಸಿಕಟ್ಟೆಯ ಹತ್ತಿರ. ಎರಡೂ ಹಡಗುಗಳನ್ನು ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಮೂತಿಗೆ ಮೂತಿ ತಾಗುವಂತೆ ಇಡುವುದನ್ನು ನಾನು ಒಪ್ಪುವುದಿಲ್ಲ ಎನ್ನುವುದಕ್ಕೆ ಇದೇ ಕಾರಣ. 

ಹಾಗೆಂದು ಎಮ್ಡೆನ್ ಮಾಡುವ ಯೋಚನೆ ಇಲ್ಲದಿಲ್ಲ. ದಕ್ಷಿಣ ಭಾರತದವರಿಗೆ ಆ ಹಡಗು ಸಿಡ್ನಿಗಿಂತ ಹೆಚ್ಚು ಪರಿಚಿತ. 1914ರ ಸೆಪ್ಟೆಂಬರ್ 22ರ ರಾತ್ರಿ ಅದು ಮದರಾಸಿನ ಬಂದರಿಗೆ ಬಂದು ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಇಟ್ಟಿತು, ಜನ ಊರು ಬಿಟ್ಟು ಓಡಿದರು. ಮುಂದಿನ ತಿಂಗಳು ಪೆನಾಂಗಿನಲ್ಲಿ ಕ್ಯಾನ್ವಾಸಿನ ನಾಲ್ಕನೆಯ ಚಿಮಣಿ ನಿಲ್ಲಿಸಿಕೊಂಡು ಬ್ರಿಟಿಷ್ ಹಡಗಿನ ವೇಷದಲ್ಲಿ ಒಳಹೊಕ್ಕು ರಷ್ಯದ ‘ಜೆಮ್‌ಚುಗ್’ ಕ್ರೂಸರನ್ನು ಮುಳುಗಿಸಿತು. ಮಾಡಿದರೆ ಆ ಸುಳ್ಳು ಚಿಮಣಿಯ ಸಮೇತವೇ ಮಾಡಬೇಕು, ಬೇರೆ ಪೆಟ್ಟಿಗೆಯಲ್ಲಿ.

ಸದ್ಯ ಉಳಿದಿರುವುದು ದೋಣಿಗಳು, ವಯರ್‌ಲೆಸ್ ತಂತಿಗಳು ಮತ್ತು ಬಣ್ಣ. ಆ ಕಾಲದ ಫೋಟೋಗಳೆಲ್ಲ ಕಪ್ಪು ಬಿಳುಪಾದ್ದರಿಂದ ಬೂದು ಬಣ್ಣ ಎಷ್ಟು ತಿಳಿಯಾಗಿರಬೇಕು ಎಂಬ ಜಗಳ ನನ್ನೊಳಗೇ ನಡೆದಿದೆ. ಡಬ್ಬಿಯ ಬಣ್ಣ ಹಾಗೇ ಬಳಿದರೆ ಪುಟ್ಟ ಹಡಗು ಕಪ್ಪಾಗಿ ಕಾಣುತ್ತದೆ, ಆದ್ದರಿಂದ ಬಿಳಿ ಬೆರೆಸಿ ಮೂರು ಹದಗಳನ್ನು ಮರದ ಚೂರುಗಳ ಮೇಲೆ ಹಚ್ಚಿ ಕಿಟಕಿಯ ಬಳಿ ಇಟ್ಟಿದ್ದೇನೆ. ಎನಾಮೆಲ್ ಈ ತೇವದಲ್ಲಿ ಒಣಗುವುದಿಲ್ಲ. ಮಳೆ ನಿಂತ ಮೇಲೆ ನಡುವಿನದನ್ನು ಒಡಲಿಗೆ ಬಳಿಯುತ್ತೇನೆ, ತಂತಿ ಎಳೆಯುವುದು ಅದಾದ ಮೇಲೆ.