ರಾಣೆಬೆನ್ನೂರಿನ ಚಿಗರಿ ನೋಡಲು ಹೊರಟವರಿಗೆ

ಹುಬ್ಬಳ್ಳಿ–ಧಾರವಾಡದವರಿಗೆ ಚಿಗರಿ ಅಂದರೆ ಮೊದಲು ನೆನಪಾಗೋದು ಆ ಹೆಸರಿನ ಬಸ್ಸು. ಅದರಲ್ಲೇ ಕೂತು ಬರುವಾಗ ಅಕ್ಕನ ಮಗಳು, "ಮಾಮಾ, ನಿಜವಾದ ಚಿಗರಿ ಎಲ್ಲಿರ್ತಾವ?" ಎಂದು ಕೇಳಿದಳು. ಪಕ್ಕದ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲೇ ಚಿಗರಿಗಳ, ಅಂದರೆ ಕೃಷ್ಣಮೃಗಗಳ ಅಭಯಾರಣ್ಯ ಇದೆ. ಹೊರಟೇಬಿಟ್ಟೆವು.

ರಾಣೆಬೆನ್ನೂರು ಹುಬ್ಬಳ್ಳಿಯಿಂದ ನೂರು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಹೆದ್ದಾರಿ ಚೆನ್ನಾಗಿದೆ. ರೈಲೂ ಇದೆ, ಆದರೆ ಸ್ವಂತ ಗಾಡಿ ಇದ್ದರೆ ಅನುಕೂಲ. ಅಭಯಾರಣ್ಯ ಊರಿನ ಹೊರಗೇ ಇದೆ. 1974ರಲ್ಲಿ ಘೋಷಣೆಯಾಗಿದ್ದು, ಸುಮಾರು 119 ಚದರ ಕಿಲೋಮೀಟರ್. ಹೋಗುವ ಮೊದಲು ಅರಣ್ಯ ಇಲಾಖೆ ಕಚೇರಿಯಲ್ಲಿ ಒಳಗೆ ಬಿಡುವ ಹೊತ್ತು ವಿಚಾರಿಸಿಕೊಳ್ಳಿ.

ಮೊದಲ ಸಲ ನಾವು ತಲುಪಿದ್ದು ಮಧ್ಯಾಹ್ನ ಹನ್ನೆರಡಕ್ಕೆ. ನೀಲಗಿರಿ ತೋಪಿನ ನಡುವೆ ಎರಡು ತಾಸು ಹುಡುಕಿದೆವು. ಒಂದೂ ಕಾಣಲಿಲ್ಲ. ಮರಗಳ ನಡುವೆ ಹುಡುಕಿದ್ದೇ ತಪ್ಪು. ಚಿಗರಿಗೆ ಬೇಕಾಗೋದು ಬಯಲು, ಹುಲ್ಲು, ಹತ್ತಿರದಲ್ಲಿ ನೀರು. ಅದರ ರಕ್ಷಣೆ ಇರೋದು ಕಣ್ಣಲ್ಲಿ ಮತ್ತು ಕಾಲಲ್ಲಿ. ದೂರದಿಂದಲೇ ತೋಳ ಕಾಣಬೇಕು, ಓಡೋಕೆ ಜಾಗ ಇರಬೇಕು. ಗಂಟೆಗೆ 80 ಕಿಲೋಮೀಟರ್ ವೇಗ ದಟ್ಟ ತೋಪಿನಲ್ಲಿ ಏನು ಉಪಯೋಗ, ಅಲ್ವಾ? ಹುಲ್ಲುಗಾವಲನ್ನು ಬೀಳು ಭೂಮಿ ಅಂದುಕೊಂಡು ಮರ ನೆಡುವುದು ನೋಡಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ಎರಡನೇ ಸಲ ಡಿಸೆಂಬರಿನ ಒಂದು ರವಿವಾರ, ಬೆಳಗ್ಗೆ ಏಳಕ್ಕೇ ಅಲ್ಲಿದ್ದೆವು. ಗೋವಿನಜೋಳ ಕೊಯ್ದ ಹೊಲದ ಬದುವಿನಲ್ಲಿ ರೈತರೊಬ್ಬರು ಸಿಕ್ಕರು. "ಕೆಳಗ ಇಳೀಬ್ಯಾಡ್ರಿ. ಗಾಡ್ಯಾಗ ಕೂತು ನೋಡ್ರಿ. ಮನಷ್ಯಾ ನಿಂತ್ರ ಓಡ್ತಾವ" ಅಂದರು. ಇಡೀ ಪ್ರವಾಸದಲ್ಲಿ ಸಿಕ್ಕ ಅತಿ ಒಳ್ಳೆಯ ಸಲಹೆ ಅದು. ಇಂಜಿನ್ ಆರಿಸಿ, ಕಿಟಕಿ ಇಳಿಸಿ ಕೂತೆವು.

ಕಾಲು ತಾಸಿಗೆ ಹಿಂಡು ಬಂತು. ಹೆಣ್ಣುಗಳು ತೆಳು ಕಂದು, ಕೊಂಬಿಲ್ಲ. ಹಿಂದೆ ಒಂದು ದೊಡ್ಡ ಗಂಡು. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕಣ್ಣ ಸುತ್ತ ಸುಣ್ಣದಲ್ಲಿ ಬರೆದಂಥ ಬಳೆ. ದುರ್ಬೀನಿನಲ್ಲಿ ಕೊಂಬಿನ ಗೆರೆ ಗೆರೆಯೂ ಕಾಣುತ್ತಿತ್ತು. ಬುಡದಿಂದ ತುದಿವರೆಗೆ ಹಗ್ಗ ಹೊಸೆದ ಹಾಗೆ ಸುತ್ತು. ಜಿಂಕೆಯ ಕೊಂಬು ಉದುರಿ ಮತ್ತೆ ಬರುತ್ತದೆ. ಇದರದ್ದು ಉದುರುವುದಿಲ್ಲ, ಜೀವನಪೂರ್ತಿ ಅದೇ ಕೊಂಬು. ಕಂದು ಬಣ್ಣದ ಎಳೇ ಗಂಡೊಂದು ಹತ್ತಿರ ಬಂತು. ದೊಡ್ಡದು ಮೂತಿ ಮೇಲೆತ್ತಿ, ಕೊಂಬನ್ನು ಬೆನ್ನಿಗೆ ಒರಗಿಸಿ, ಒಂದೊಂದೇ ಹೆಜ್ಜೆ ಇಡುತ್ತಾ ಅದರ ಕಡೆ ನಡೆಯಿತು. ಗುದ್ದಾಟವೇ ಇಲ್ಲ. ಎಳೆಯದು ಸುಮ್ನೆ ಹಿಂದೆ ಸರಿಯಿತು.

ದುರ್ಬೀನು ಮರೆಯಬೇಡಿ. ಫೋನಿನಲ್ಲಿ ಇವು ಬರೀ ಚುಕ್ಕೆಗಳು. ಮಣ್ಣಿನ ಬಣ್ಣದ ಬಟ್ಟೆ, ನೀರು, ರೊಟ್ಟಿ ಬುತ್ತಿ ಇರಲಿ, ಒಳಗೆ ಅಂಗಡಿ ನಂಬಬೇಡಿ. ಹೊಲಕ್ಕೆ ಕಾಲಿಡುವ ಮುಂಚೆ ರೈತರನ್ನು ಕೇಳಿ. ಚಿಗರಿ ಪೈರು ಮೇಯುವುದನ್ನೂ ಸಹಿಸಿಕೊಂಡವರು ಅವರು. ಫೋಟೋಗಾಗಿ ಹಾರ್ನ್ ಹಾಕಿ ಓಡಿಸುವವರು ಜೊತೆಗಿದ್ದರೆ ದಯವಿಟ್ಟು ತಡೆಯಿರಿ.

ಒಂಬತ್ತರ ಸುಮಾರಿಗೆ ಎಲ್ಲೋ ನಾಯಿ ಬೊಗಳಿತು. ಒಂದು ಹೆಣ್ಣು ನಿಂತಲ್ಲೇ ಮೇಲಕ್ಕೆ ಚಿಮ್ಮಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಅಕ್ಕನ ಮಗಳು ಬೆರಳು ಮಡಚುತ್ತಾ ಹದಿನೇಳರ ತನಕ ಎಣಿಸಿದಳು. ಅಷ್ಟರಲ್ಲಿ ಹಿಂಡು ಬದು ದಾಟಿ ಹೋಗಿತ್ತು.